ಯಾವುದರ ಬದಲಿಗೆ ಈ ಬಾಟಲಿ?



ಗೌರಿಬಿದನೂರಿನ ಸಮೀಪದ ಕುಡುಮಲಕುಂಟೆ ಹೊಲಗದ್ದೆಗಳ ಊರು. ಈಗ ಅದರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿನ ಕೈಗಾರಿಕಾ ಪ್ರದೇಶ. ಸುತ್ತಮುತ್ತಲ ಹಳ್ಳಿಗಳ ಹೆಣ್ಣುಮಕ್ಕಳು, ಹುಡುಗರು ಬೆಳಗಾಗೆದ್ದು ಬುತ್ತಿ ಕಟ್ಟಿಕೊಂಡು ಕಾರ್ಖಾನೆಗಳ ಬಸ್ಸು ಹತ್ತುವ ಸೀಮೆ ಇದು. ಇಂಥ ಕಡೆ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ಬದಿಯ ಅಂಗಡಿಗಳ ಫ್ರಿಡ್ಜ್ ಬಾಗಿಲು ಮುಚ್ಚುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ಸಕ್ಕರೆಯಿಲ್ಲದ ಕೋಲಾ ಬೇಕೆಂದರೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕಿತ್ತು. 2025ರಿಂದ ದೊಡ್ಡ ಕಂಪನಿಗಳು ಹತ್ತು ರೂಪಾಯಿಯ ಸಣ್ಣ ಬಾಟಲಿಯಲ್ಲೂ ಅದನ್ನು ತುಂಬಿ ಮಾರತೊಡಗಿವೆ. ಅದರ ಜೊತೆಗೇ ಒಂದು ಪ್ರಶ್ನೆಯೂ ಹಳ್ಳಿಗೆ ಬಂದಿದೆ. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂತು ಸೊಂಟದ ಸುತ್ತ ಮೈ ಬಂದಿರುವ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ: "ಅಕ್ಕ, ಡಯೆಟ್ ಸೋಡಾ ಕುಡಿದರೆ ತೂಕ ಇಳಿಯುತ್ತಾ?"

ಇದು ಹಗುರವಾಗಿ ಪಕ್ಕಕ್ಕೆ ತಳ್ಳುವ ಪ್ರಶ್ನೆಯಲ್ಲ. 2019–20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಜನರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಮೊದಲು ಸೇರುತ್ತದೆ. ಆದ್ದರಿಂದ ಭಾರತೀಯರಿಗೆ ಸೊಂಟದ ಅಳತೆಯ ಮಿತಿಯನ್ನೇ ಕಡಿಮೆ ಇಟ್ಟಿದ್ದಾರೆ: ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಟೈಲರ್ ಟೇಪು ದಿನವಿಡೀ ಕೈಯಲ್ಲಿರುವವರು ಇದನ್ನು ತಾವೇ ಅಳೆದು ನೋಡಿಕೊಳ್ಳಬಹುದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಡಯೆಟ್ ಸೋಡಾಕ್ಕೆ ಮೈಯ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಅದರಲ್ಲಿರುವುದು ನೀರು, ಗಾಳಿ, ಬಣ್ಣ, ಹುಳಿ, ಒಂದಿಷ್ಟು ಸಿಹಿಕಾರಕ. ಕೋಲಾ ಆದರೆ ಕೆಫೀನ್ ಕೂಡ ಇರುತ್ತದೆ. ಅದರಿಂದ ಏನಾದರೂ ಲಾಭ ಆಗುವುದಿದ್ದರೆ, ಅದು ನಿಮ್ಮ ದಿನದ ಲೆಕ್ಕದಿಂದ ಯಾವುದನ್ನು ಆಚೆ ಹಾಕಿತು ಎಂಬುದರಿಂದ ಮಾತ್ರ. ಆದ್ದರಿಂದ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಮಾತು: ಇದನ್ನು ಯಾವುದರ ಬದಲಿಗೆ ಕುಡಿಯುತ್ತಿದ್ದೇನೆ?

ಮಾಮೂಲಿ ಕೋಲಾದಲ್ಲಿ 100 ಮಿಲಿಲೀಟರಿಗೆ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಬಾಟಲಿ ಎಂದರೆ ಸುಮಾರು 26 ಗ್ರಾಂ, ಅಂದರೆ ಐದಾರು ಚಮಚ. ಶಕ್ತಿಯ ಲೆಕ್ಕದಲ್ಲಿ ನೂರಕ್ಕಿಂತ ತುಸು ಹೆಚ್ಚು ಕ್ಯಾಲರಿ. ದಿನಕ್ಕೆ ಅಂಥ ಎರಡು ಬಾಟಲಿ ಕುಡಿಯುತ್ತಿದ್ದ ಹುಡುಗ ಅವುಗಳ ಜಾಗದಲ್ಲಿ ಸಕ್ಕರೆಯಿಲ್ಲದ್ದನ್ನು ಕುಡಿದು, ಮಿಕ್ಕ ಊಟ ತಿಂಡಿ ಇದ್ದ ಹಾಗೆಯೇ ಇಟ್ಟುಕೊಂಡರೆ, ದಿನಕ್ಕೆ 200 ಕ್ಯಾಲರಿ ಕಡಿಮೆಯಾಯಿತು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ತಿಂಗಳಿಗೆ ಮುಕ್ಕಾಲು ಕೆಜಿ ಇಳಿಯಬೇಕು. ನಿಜವಾಗಿ ಅಷ್ಟು ಇಳಿಯುವುದಿಲ್ಲ. ತಿನ್ನುವುದು ಕಡಿಮೆಯಾದಾಗ ದೇಹ ತನ್ನ ಖರ್ಚನ್ನೂ ಸ್ವಲ್ಪ ಬಿಗಿ ಮಾಡುತ್ತದೆ, ಹಸಿವೂ ಹೆಚ್ಚುತ್ತದೆ. ಆದರೂ ಆ ಹುಡುಗನಿಗೆ ಇದು ಒಳ್ಳೆಯ ಬದಲಾವಣೆಯೇ. ಹಾಗೆ ಹೇಳಲು ನನಗೆ ಸಂಕೋಚವಿಲ್ಲ.

ಅದೇ ಬಾಟಲಿಯನ್ನು, ಇದುವರೆಗೆ ಮಧ್ಯಾಹ್ನ ನೀರನ್ನೇ ಕುಡಿಯುತ್ತಿದ್ದ ಹೆಣ್ಣುಮಗಳು "ತೂಕ ಇಳಿಯುತ್ತದಂತೆ" ಎಂದು ಹೊಸದಾಗಿ ಶುರುಮಾಡಿದಳು ಅನ್ನಿ. ಅವಳ ದಿನದಿಂದ ಆಚೆ ಹೋದದ್ದು ನೀರು. ಕಡಿಮೆಯಾದ ಕ್ಯಾಲರಿ ಸೊನ್ನೆ. ತಿಂಗಳಿಗೆ ಮುನ್ನೂರು ರೂಪಾಯಿ ಖರ್ಚು ಮಾತ್ರ ಸೇರಿಕೊಂಡಿತು.

ಇಂಥ ಪಾನೀಯ ಹುಟ್ಟಿದ್ದು ತೂಕ ಇಳಿಸುವುದಕ್ಕಲ್ಲ. 1952ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಹೈಮನ್ ಕಿರ್ಷ್ ಎಂಬ ಸೋಡಾ ತಯಾರಕರು ಅಲ್ಲಿನ ಆರೋಗ್ಯಧಾಮದ ಸಕ್ಕರೆ ಕಾಯಿಲೆಯವರಿಗಾಗಿ 'ನೋ-ಕ್ಯಾಲ್' ಎಂಬ ಪಾನೀಯ ಮಾಡಿದರು. ಕಾಯಿಲೆ ಇಲ್ಲದವರೂ ಅದನ್ನು ಕೊಳ್ಳತೊಡಗಿದರು. ಸಣ್ಣಗಾಗುವ ಆಸೆಯಲ್ಲಿ ಎಷ್ಟು ದೊಡ್ಡ ಮಾರುಕಟ್ಟೆ ಇದೆ ಎಂಬುದು ಕಂಪನಿಗಳಿಗೆ ಆಗ ಗೊತ್ತಾಯಿತು. 1963ರಲ್ಲಿ 'ಟ್ಯಾಬ್', 1964ರಲ್ಲಿ 'ಡಯೆಟ್ ಪೆಪ್ಸಿ', 1982ರಲ್ಲಿ 'ಡಯೆಟ್ ಕೋಕ್' ಬಂದವು. ಈಗ ಹೆಚ್ಚಾಗಿ ಬಳಸುವ ಆಸ್ಪರ್ಟೇಮ್ ಅನ್ನು 1965ರಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನಶಾಸ್ತ್ರಜ್ಞ ಹೊಟ್ಟೆಹುಣ್ಣಿನ ಔಷಧ ಹುಡುಕುವಾಗ ಅಕಸ್ಮಾತ್ತಾಗಿ ಕಂಡುಕೊಂಡರು. ಸಕ್ಕರೆಗಿಂತ ಅದು ಸುಮಾರು 200 ಪಟ್ಟು ಸಿಹಿ. ಸುಕ್ರಲೋಸ್ ಸುಮಾರು 600 ಪಟ್ಟು. ಆದ್ದರಿಂದಲೇ ಒಂದು ಬಾಟಲಿಗೆ ಚಿಟಿಕೆಗಿಂತ ಕಡಿಮೆ ಸಾಕು.

ಜನರನ್ನು ಗುಂಪು ಮಾಡಿ, ಒಬ್ಬರಿಗೆ ನೀರು, ಒಬ್ಬರಿಗೆ ಡಯೆಟ್ ಪಾನೀಯ ಕೊಟ್ಟು ತೂಗಿ ನೋಡಿದವರು ಇದ್ದಾರೆ. ಅಮೆರಿಕದಲ್ಲಿ 303 ಜನರ ಮೇಲೆ ನಡೆದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಊಟ, ನಡಿಗೆಯ ತರಬೇತಿ ಕೊಟ್ಟಿದ್ದರು. ವರ್ಷದ ಕೊನೆಗೆ ಡಯೆಟ್ ಪಾನೀಯದವರು ಸರಾಸರಿ 6.21 ಕೆಜಿ ಇಳಿದಿದ್ದರು, ನೀರಿನವರು 2.45 ಕೆಜಿ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 493 ಜನರನ್ನು ವರ್ಷಪೂರ್ತಿ ಗಮನಿಸಿದಾಗ ಅಂತರ ಬಹಳ ಕುಗ್ಗಿತು: ಡಯೆಟ್ ಪಾನೀಯದ ಕಡೆ 7.5 ಕೆಜಿ, ನೀರಿನ ಕಡೆ 6.1. ಇರಾನಿನಲ್ಲಿ ಡಯೆಟ್ ಪಾನೀಯದ ರೂಢಿಯಿದ್ದ 62 ಹೆಂಗಸರ ಮೇಲೆ 24 ವಾರ ಪ್ರಯೋಗ ನಡೆಯಿತು. ಅಲ್ಲಿ ಫಲ ತಿರುಗುಮುರುಗಾಯಿತು. ಮಧ್ಯಾಹ್ನದ ಊಟದ ನಂತರ ನೀರು ಕುಡಿದವರು 8.8 ಕೆಜಿ ಇಳಿದರು, ಡಯೆಟ್ ಪಾನೀಯ ಮುಂದುವರಿಸಿದವರು 7.6.

ಇಲ್ಲಿ ನಮ್ಮ ತಾಲ್ಲೂಕಿನ ದೊಡ್ಡವರೊಬ್ಬರನ್ನು ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಡಾ. ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದವರು ಅವರು. ಯಾರು ಹೇಳಿದರೂ ಸರಿಯೆ, ಆಧಾರ ಕೇಳದೆ ಒಪ್ಪಬೇಡಿ ಎನ್ನುವುದನ್ನು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದರು. ಪವಾಡಪುರುಷರ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಪ್ರಯೋಗಾಲಯದ ಅಂಕಿಗಳ ಬಗ್ಗೆಯೂ ಕೇಳಬೇಕು. ಅಮೆರಿಕದ ಮತ್ತು ಲಿವರ್‌ಪೂಲ್‌ನ ಆ ಎರಡು ಪ್ರಯೋಗಗಳಿಗೂ ಹಣ ಬಂದದ್ದು ಅಮೆರಿಕದ ಪಾನೀಯ ತಯಾರಕರ ಸಂಘದಿಂದ. ಹಣ ಕೊಟ್ಟವರು ಯಾರು ಎಂಬ ಒಂದೇ ಕಾರಣಕ್ಕೆ ಅಂಕಿಗಳು ಸುಳ್ಳಾಗುವುದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕು, ಯಾರ ಜೊತೆ ಯಾರನ್ನು ಹೋಲಿಸಬೇಕು ಎನ್ನುವುದನ್ನು ನಿರ್ಧರಿಸುವಲ್ಲಿ ಹಣದ ನೆರಳು ಇರುತ್ತದೆ. ಓದುವವರು ಅದನ್ನು ತಿಳಿದು ಓದಬೇಕು.

ನನಗೆ ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು 2012ರಲ್ಲಿ ಪ್ರಕಟವಾದ ಹಾಲೆಂಡಿನ ಪ್ರಯೋಗ. 641 ಶಾಲಾ ಮಕ್ಕಳಿಗೆ ದಿನಕ್ಕೊಂದು 250 ಮಿಲಿಲೀಟರಿನ ಡಬ್ಬಿ ಕೊಟ್ಟರು. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಅರ್ಧ ಮಕ್ಕಳಿಗೆ ಸಿಹಿಕಾರಕದ್ದು. ಯಾರ ಡಬ್ಬಿಯಲ್ಲಿ ಏನಿದೆ ಎಂಬುದು ಮಕ್ಕಳಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಬೆಳೆಯುವ ಮಕ್ಕಳಾದ್ದರಿಂದ ಎಲ್ಲರ ತೂಕವೂ ಏರಲೇಬೇಕು. 18 ತಿಂಗಳಲ್ಲಿ ಸಕ್ಕರೆಯ ಗುಂಪು 7.37 ಕೆಜಿ ಏರಿತು, ಇನ್ನೊಂದು 6.35. ಒಂದು ಕೆಜಿಯ ವ್ಯತ್ಯಾಸ. ಸಕ್ಕರೆ ಪಾನೀಯದ ಜಾಗಕ್ಕೆ ಸಕ್ಕರೆಯಿಲ್ಲದ್ದು ಬಂದರೆ ಪ್ರಯೋಜನ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಹಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ಹತೋಟಿಗೆಂದು ಸಿಹಿಕಾರಕಗಳನ್ನು ಬಳಸಬೇಡಿ ಎಂದು ಹೇಳಿದ್ದೇಕೆ? ಅವರು 283 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲವು ವಾರ, ತಿಂಗಳುಗಳ ಪ್ರಯೋಗಗಳಲ್ಲಿ ಸರಾಸರಿ ಮುಕ್ಕಾಲು ಕೆಜಿಗೂ ಕಡಿಮೆ ಇಳಿಕೆ ಕಂಡಿತು. ಹಲವು ವರ್ಷ ಜನರನ್ನು ಹಿಂಬಾಲಿಸಿದ ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. ಬದಲಿಗೆ ಸಿಹಿಕಾರಕ ಬಳಸುವವರಲ್ಲೇ ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚಿದ್ದವು. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 65 ದಾಟಿದವರನ್ನು ಒಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದಾಗ, ದಿನವೂ ಡಯೆಟ್ ಸೋಡಾ ಕುಡಿಯುವವರ ಸೊಂಟ ಮೂರು ಇಂಚಿಗಿಂತ ಹೆಚ್ಚು ಹಿಗ್ಗಿತ್ತು. ಕುಡಿಯದವರದು ಒಂದು ಇಂಚಿಗಿಂತ ಕಡಿಮೆ.

ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಬೀದಿಯಲ್ಲಿ ಕೊಡೆ ಬಿಚ್ಚಿದವರು ಹೆಚ್ಚಿದ್ದಾರೆ ಎಂದರೆ ಮಳೆ ಬರುತ್ತಿದೆ ಎಂದರ್ಥ, ಕೊಡೆಯಿಂದ ಮಳೆ ಬಂತು ಎಂದಲ್ಲ. ಮೈ ಬಂದವರು, ಬರುತ್ತಿದೆ ಎಂದು ಹೆದರಿದವರು, ಮನೆಯಲ್ಲಿ ಶುಗರ್ ಇರುವವರೇ ಡಯೆಟ್ ಬಾಟಲಿಯ ಕಡೆ ಹೋಗುತ್ತಾರೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡು, ತನ್ನ ಸಲಹೆಯನ್ನು ಷರತ್ತಿನ ಸಲಹೆ ಎಂದು ಕರೆದಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅದು ಅನ್ವಯಿಸುವುದಿಲ್ಲ ಎಂದೂ ಹೇಳಿದೆ. ಇಸ್ರೇಲಿನ ವಿಜ್ಞಾನಿಗಳು 2022ರಲ್ಲಿ 120 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ಕರುಳಿನ ಸೂಕ್ಷ್ಮಾಣುಗಳನ್ನೂ ರಕ್ತದ ಸಕ್ಕರೆಯ ಏರಿಳಿತವನ್ನೂ ಬದಲಿಸಿದ್ದು ಕಂಡಿತು. ಎಲ್ಲರಲ್ಲೂ ಒಂದೇ ರೀತಿಯಾಗಿ ಅಲ್ಲ. ಈ ಕೆಲಸ ಇನ್ನೂ ನಡೆಯುತ್ತಿದೆ.

ಈಗ ನಮ್ಮ ಕಡೆಗೆ ಬರೋಣ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಬಹುಪಾಲು ಮನೆಗಳಲ್ಲಿ ಸಕ್ಕರೆ ಒಳಗೆ ಹೋಗುವ ದಾರಿ ಯಾವುದು? ಕೋಲಾ ಹಬ್ಬಕ್ಕೋ ಮದುವೆಗೋ ನೆಂಟರಿಗೋ ಬರುತ್ತದೆ. ದಿನನಿತ್ಯದ ದಾರಿ ಟೀ, ಕಾಫಿ. ಬೆಳಗ್ಗೆ ಎದ್ದಾಗ ಒಂದು, ತಿಂಡಿ ಜೊತೆ ಒಂದು, ಕೆಲಸದ ಮಧ್ಯೆ ಎರಡು, ಸಂಜೆ ಮನೆಗೆ ಬಂದು ಇನ್ನೊಂದು. ಲೋಟಕ್ಕೆ ಎರಡು ಚಮಚ ಎಂದರೆ ದಿನಕ್ಕೆ ಹತ್ತು ಚಮಚ, 40ರಿಂದ 50 ಗ್ರಾಂ. ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಟೀಯಲ್ಲೇ ಅಷ್ಟೂ ಮುಗಿದುಹೋಯಿತು. ಹೀಗಿರುವಾಗ ಸಂಜೆ ಒಂದು ಡಯೆಟ್ ಬಾಟಲಿ ಕೊಂಡರೆ, ದೊಡ್ಡ ಬಾಗಿಲು ತೆರೆದಿಟ್ಟು ಕಿಟಕಿ ಮುಚ್ಚಿದ ಲೆಕ್ಕ ಆಗುತ್ತದೆ.

ಟೀ ಕಾಫಿಯನ್ನೇ ಹಿಡಿದು ನಡೆದ ಪ್ರಯೋಗವೊಂದು ನಮ್ಮ ಪಕ್ಕದ ಚೆನ್ನೈನದು. ಅಲ್ಲಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನ ಡಾ. ವಿ. ಮೋಹನ್ ಅವರ ತಂಡ ಸಕ್ಕರೆ ಕಾಯಿಲೆ ಇರುವ 179 ಮಂದಿಯ ಟೀ ಕಾಫಿ ಲೆಕ್ಕವನ್ನು 12 ವಾರ ನೋಡಿತು. ಒಂದು ಗುಂಪು ಸಕ್ಕರೆಯ ಬದಲು ಸುಕ್ರಲೋಸ್ ಹಾಕಿಕೊಂಡಿತು. ತೂಕ, ಸೊಂಟದ ಸುತ್ತಳತೆ ಸ್ವಲ್ಪ ಇಳಿದವು. ತೀರಾ ಸ್ವಲ್ಪ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ನಮ್ಮಂಥ ಊಟದವರ ಮೇಲೆ ನಡೆದ ಪ್ರಯೋಗ ಎಂಬುದರಿಂದ ಇದಕ್ಕೆ ಬೆಲೆ ಇದೆ. ಆದರೆ ಟೀಗೆ ಸಕ್ಕರೆ ಕಡಿಮೆ ಮಾಡಲು ಸಿಹಿಕಾರಕದ ಮಾತ್ರೆಯನ್ನೇ ಕೊಳ್ಳಬೇಕೆಂದಿಲ್ಲ. ಎರಡು ಚಮಚ ಹಾಕುವವರು ಒಂದೂವರೆಗೆ ಇಳಿಸಿ, ಆಮೇಲೆ ಒಂದಕ್ಕೆ, ಆಮೇಲೆ ಅರ್ಧಕ್ಕೆ ಬನ್ನಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಅಂಗಡಿಯಲ್ಲಿ ಕುಡಿಯುವವರು "ಅಣ್ಣ, ಸಕ್ಕರೆ ಬೇರೆ ಕೊಡಿ" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಬೈಟು ಮಾಡಿಕೊಂಡರೆ ಅರ್ಧ ಅಲ್ಲೇ ಇಳಿಯಿತು.

ಡಯೆಟ್ ಬಾಟಲಿಯ ಜೊತೆಗೆ ಏನು ತಿನ್ನುತ್ತೀರಿ ಎಂಬುದನ್ನೂ ನೋಡಬೇಕು. ಪಾನೀಯದಲ್ಲಿ ಸಕ್ಕರೆ ಇಲ್ಲ ಎಂಬ ಧೈರ್ಯದಲ್ಲಿ ಒಂದು ಎಗ್ ಪಫ್ಸ್ ಹೆಚ್ಚು ತಿಂದರೆ ಉಳಿಸಿದ್ದಕ್ಕಿಂತ ಹೆಚ್ಚು ಒಳಗೆ ಹೋಯಿತು. ಮಾವಿನ ಚಿತ್ರ ಹಾಕಿ ಡಬ್ಬಿಯಲ್ಲಿ ಮಾರುವ ಜ್ಯೂಸುಗಳಲ್ಲಿ ಸಕ್ಕರೆ ಕೋಲಾಕ್ಕಿಂತ ಕಡಿಮೆಯೇನಲ್ಲ. ಮಕ್ಕಳಿಗೆ, ಬಾಣಂತಿಯರಿಗೆ ಹಣ್ಣಿನ ರಸ ಎಂದು ಒಯ್ಯುವವರು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ರಾತ್ರಿ ಪಾಳಿಯವರಿಗೆ ಇನ್ನೊಂದು ಮಾತು. ಸಕ್ಕರೆ ತೆಗೆದರೂ ಕೋಲಾದಲ್ಲಿ ಕೆಫೀನ್ ಉಳಿದಿರುತ್ತದೆ. ಪಾಳಿ ಮುಗಿಸಿ ಬೆಳಗ್ಗೆ ಮಲಗಬೇಕಾದವರ ನಿದ್ದೆಯನ್ನು ಅದು ಕೆಡಿಸಿದರೆ, ನಿದ್ದೆಗೆಟ್ಟ ಮೈ ಮರುದಿನ ಹೆಚ್ಚು ತಿಂಡಿ ಕೇಳುತ್ತದೆ. ಕೋಲಾದ ಹುಳಿ ಹಲ್ಲಿನ ಹೊಳಪನ್ನು ಸವೆಸುವುದಂತೂ ಸಕ್ಕರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಕುಡಿಯುವುದೇನನ್ನು? ನೀರನ್ನು. ಇದನ್ನು ಹೇಳುವುದು ಸುಲಭ, ಆದರೆ ನಮ್ಮ ಜಿಲ್ಲೆಯಲ್ಲಿ ನೀರಿನ ಮಾತು ಅಷ್ಟು ಸರಳವಲ್ಲ. ಬಾಗೇಪಲ್ಲಿ, ಗೌರಿಬಿದನೂರು ಸೀಮೆಯ ಅನೇಕ ಹಳ್ಳಿಗಳ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆವರೆಗೆ ಸೈರಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಕಂದು ಗೆರೆಗಳನ್ನೂ ಮಂಡಿ ನೋವನ್ನೂ ಇಲ್ಲಿ ಎಲ್ಲರೂ ಕಂಡಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳು ಇದಕ್ಕಾಗಿಯೇ ಮುಖ್ಯ. ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಕೊಡುವ ಘಟಕ ಇರುವ ಕಡೆ, 200 ಮಿಲಿಲೀಟರಿನ ಒಂದು ಹತ್ತು ರೂಪಾಯಿ ಬಾಟಲಿಯ ದುಡ್ಡಿಗೆ 40 ಲೀಟರ್ ನೀರು ಬರುತ್ತದೆ. ಘಟಕ ಕೆಟ್ಟು ನಿಂತರೆ ಪಂಚಾಯಿತಿಯನ್ನು ಕೇಳುವುದು ತೂಕದ ಪ್ರಶ್ನೆಗೂ ಸೇರಿದ್ದೇ ಎಂದು ನಾನು ನಂಬಿದ್ದೇನೆ.

ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮತ್ತೂ ಒಂದು ತೊಡಕಿದೆ. ಶೌಚಾಲಯಕ್ಕೆ ಎದ್ದುಹೋದರೆ ಪೀಸಿನ ಟಾರ್ಗೆಟ್ ತಪ್ಪುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುವವರು ಗಾರ್ಮೆಂಟ್ಸ್ ಕೆಲಸದಲ್ಲಿ ಎಲ್ಲೆಡೆ ಇದ್ದಾರೆ. ಬೆಳಗಿನಿಂದ ಬಾಯಾರಿಕೆ ತಡೆದುಕೊಂಡು ಸಂಜೆ ಗೇಟಿನಾಚೆ ಬಂದಾಗ ಕಣ್ಣಿಗೆ ಬೀಳುವುದು ತಣ್ಣನೆಯ ಬಾಟಲಿ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯುವ ನೀರು ಒದಗಿಸಬೇಕು, 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಿಗೆಯಲ್ಲಿ ಅದು ತಂಪಾಗಿರಬೇಕು, ಸಾಕಷ್ಟು ಶೌಚಾಲಯ ಇರಬೇಕು ಎಂದು ಬರೆದಿತ್ತು. ನೀರು ಕುಡಿಯಲು, ಎದ್ದು ಹೋಗಿಬರಲು ಹೊತ್ತು ಕೊಡದೆ, ಸಣ್ಣಗಾಗಿ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

ನೀರಿಗೆ ತೂಕದ ಮೇಲೆ ಸ್ವಂತ ಗುಣವೂ ಇದೆ. ಅಮೆರಿಕದ ವರ್ಜೀನಿಯಾದಲ್ಲಿ 55 ದಾಟಿದ 48 ಜನರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರತಿ ಊಟಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿದವರು, ಮಿತ ಊಟವನ್ನಷ್ಟೇ ಪಾಲಿಸಿದವರಿಗಿಂತ 12 ವಾರಗಳಲ್ಲಿ ಸುಮಾರು ಎರಡು ಕೆಜಿ ಹೆಚ್ಚು ಇಳಿದರು. ಗಾಳಿ ತುಂಬಿದ ಪಾನೀಯವೇ ಬೇಕು ಎನ್ನುವವರಿಗೆ ಸಕ್ಕರೆ ಹಾಕದ ನಿಂಬೆ ಸೋಡಾ ಇದೆ, ಗೋಲಿ ಸೋಡಾ ಇದೆ. ಅವುಗಳಲ್ಲಿ ಕ್ಯಾಲರಿ ಇಲ್ಲವೆನ್ನುವಷ್ಟು ಕಡಿಮೆ. ಬಿಪಿ ಇರುವವರು ಉಪ್ಪು ಬೇಡ ಎನ್ನಿ. ತೆಳ್ಳನೆ ನೀರು ಮಜ್ಜಿಗೆಯಂತೂ ನಮ್ಮ ಮುದ್ದೆ, ಬಸ್ಸಾರಿನ ಊಟಕ್ಕೆ ಹಿಂದಿನಿಂದಲೂ ಜೊತೆ.

ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತದಾ ಎಂದು ಕೇಳುವವರಿದ್ದಾರೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 'ಸಾಧ್ಯತೆ ಇರಬಹುದಾದ' ಪಟ್ಟಿಗೆ ಸೇರಿಸಿತು, ಸಾಕ್ಷ್ಯ ಸೀಮಿತ ಎಂದೂ ಹೇಳಿತು. ಅದೇ ದಿನ ಆಹಾರ ಸುರಕ್ಷತೆಯ ತಜ್ಞರ ಸಮಿತಿ ಹಳೆಯ ಮಿತಿಯನ್ನೇ ಉಳಿಸಿತು: ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ. 70 ಕೆಜಿ ತೂಕದವರು ಅದನ್ನು ಮೀರಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿ ಕುಡಿಯಬೇಕು. ಆಗೊಮ್ಮೆ ಈಗೊಮ್ಮೆ ಕುಡಿಯುವವರು ಇದಕ್ಕಾಗಿ ಹೆದರಬೇಕಿಲ್ಲ. ಫೀನೈಲ್‌ಕೆಟೋನೂರಿಯಾ ಎಂಬ ಅಪರೂಪದ ಹುಟ್ಟು ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಇರುವ ಯಾವುದನ್ನೂ ಮುಟ್ಟಬಾರದು. ಬಾಟಲಿಯ ಮೇಲೆ ಅದನ್ನು ಮುದ್ರಿಸಿರುತ್ತಾರೆ.

ಶುಗರ್ ಇರುವವರು ಮದುವೆ ಮನೆಯಲ್ಲಿ ಎಲ್ಲರ ಜೊತೆ ಒಂದು ಲೋಟ ಕುಡಿಯಬೇಕೆನಿಸಿದರೆ ಸಕ್ಕರೆಯದ್ದಕ್ಕಿಂತ ಡಯೆಟ್ ಬಾಟಲಿಯೇ ಮೇಲು. ಮಕ್ಕಳ ಮಾತು ಬೇರೆ. ಸಿಹಿಕಾರಕ ಹಾಕಿದ ಪಾನೀಯದ ಮೇಲೆ ಮಕ್ಕಳಿಗೆ ತಕ್ಕುದಲ್ಲ ಎಂಬ ಸೂಚನೆ ಅಚ್ಚಾಗಿರುತ್ತದೆ. ಹತ್ತು ರೂಪಾಯಿ ಹಿಡಿದು ಶಾಲೆಯ ಪಕ್ಕದ ಅಂಗಡಿಗೆ ಬರುವ ಮಗುವಿಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಅಂಗಡಿಯ ಅಣ್ಣಂದಿರು, ಅಕ್ಕಂದಿರು ಅದನ್ನು ಓದಿ ಹೇಳಿ, ಕಡಲೆಕಾಯಿ ಚಿಕ್ಕಿಯನ್ನೋ ಬಾಳೆಹಣ್ಣನ್ನೋ ಕೈಗಿಡಬಹುದು.